ಎರಡನೇ ಸವಾಲಿನ ದುರ್ಬೀನು

ನಮ್ಮ ಅತ್ತೆ ವಿರೂಪಮ್ಮನಿಗೆ ಶನಿಯನ್ನು ನೋಡಬೇಕಿತ್ತು. ಗುಡಿಯಲ್ಲಿ ಎಣ್ಣೆ ಸುರಿಸಿಕೊಂಡು ನಿಂತಿರುವ ಶನಿಯನ್ನಲ್ಲ, ಆಕಾಶದಲ್ಲಿ ತಿರುಗುತ್ತಿರುವ ಶನಿಯನ್ನೇ. ಈ ಆಸೆ ಯಾಕೆ ಬಂತೆಂದು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದೆಲ್ಲ ಹುಚ್ಚರ ಸಂತೆಯಂತೆ ಕಾಣುತ್ತದೆ.

ಅತ್ತೆ ನಮ್ಮಪ್ಪ ಹೊನ್ನೂರಪ್ಪನ ತಂಗಿ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದವಳು. ಈಗ ಕುರುಗೋಡಿನಲ್ಲಿ ತಾನೇ ಕಟ್ಟಿಸಿಕೊಂಡ ಮನೆಯಲ್ಲಿ, ಯಾರ ಹಂಗೂ ಇಲ್ಲದೆ ಇದ್ದಾಳೆ. ಮದುವೆಯಾಗಲಿಲ್ಲ. ಮೊದಲ ಗಂಡು ಒಪ್ಪಿ ಹೋದವನು ತಿರುಗಿ ಬರಲಿಲ್ಲ. ಅದಕ್ಕೆ ಕಾರಣ ಶನಿ. ಎರಡನೆಯದು ನಿಶ್ಚಯದ ಹತ್ತಿರ ಬಂದು ಮುರಿಯಿತು, ಅದಕ್ಕೂ ಶನಿ. ಏಳೂವರೆ ವರ್ಷ ಕಳೆಯಲಿ ಅಂದರು, ಕಳೆಯಿತು. ಆಮೇಲೆ ಯಾರೂ ಬರಲಿಲ್ಲ. ಅದೂ ಅವನ ಲೆಕ್ಕಕ್ಕೇ ಹೋಯಿತು. ನಮ್ಮ ಮನೆಯಲ್ಲಿ ಹಾಲು ಉಕ್ಕಿದರೂ ಅತ್ತೆಯ ಶನಿಯೇ ಉಕ್ಕಿಸಿದ ಅನ್ನುವ ಕಾಲವೊಂದಿತ್ತು.

ಕಳೆದ ವರ್ಷ ಬಳ್ಳಾರಿಯ ಕಣ್ಣಿನ ಡಾಕ್ಟರು ಅತ್ತೆಗೆ ಗ್ಲಕೋಮಾ ಅಂದರು. ನೇರ ಇರುವುದು ಕಾಣುತ್ತದೆ, ಪಕ್ಕದ್ದು ಒಂದೊಂದಾಗಿ ಮಾಯವಾಗುತ್ತದೆ, ಹೋದದ್ದು ಬರುವುದಿಲ್ಲ, ದಿನಾ ಹನಿ ಹಾಕಿಕೊಳ್ಳಬೇಕು, ಎಷ್ಟು ಕಾಲ ಉಳಿಯುತ್ತದೆಂದು ಯಾರೂ ಹೇಳಲಾರರು. ಆಸ್ಪತ್ರೆಯಿಂದ ಹೊರಬಿದ್ದು ಇಬ್ಬರೂ ಹೋಟೆಲಿನಲ್ಲಿ ಕೂತೆವು. ಒಗ್ಗರಣೆ ಮಂಡಕ್ಕಿ, ಮಿರ್ಚಿ ಮುಂದೆ ಬಂದರೂ ನಾನು ಮುಟ್ಟಲಿಲ್ಲ. ಅತ್ತೆ ಮಾತ್ರ ಮಿರ್ಚಿ ಮುರಿಯುತ್ತಾ ಅಂದಳು:

"ಕಣ್ಣು ಹೋಗೂದ್ರೊಳಗ ಅವನ್ನ ಒಮ್ಮೆ ನೋಡಬೇಕಲೇ ರಾಧಾ."

"ಯಾರನ್ನ ಅತ್ತಿ?"

"ಶನೀನ್ನ. ಜಲಮ ಪೂರ್ತಿ ಹೆಗಲ ಮ್ಯಾಲೆ ಹೊತ್ತೀನಿ. ಮಾರಿ ಹೆಂಗೈತಿ ಅಂತ ಗೊತ್ತಿಲ್ಲ."

ಬೆಂಗಳೂರಿನ ತಾರಾಲಯಕ್ಕೆ ಕರೆದುಕೊಂಡು ಹೋಗುತ್ತೇನೆ ಅಂದರೆ ಬೇಡ ಅಂದಳು. ಅಲ್ಲಿ ಗುಮ್ಮಟದ ಮೇಲೆ ಸಿನಿಮಾ ತೋರಿಸುತ್ತಾರೆ, ನನಗೆ ನಿಜವಾದವನೇ ಬೇಕು ಅಂದಳು. ಅಂದಿನಿಂದ ಫೋನಿನಲ್ಲಿ ದುರ್ಬೀನಿನ ವಿಡಿಯೋಗಳು ಶುರುವಾದವು. ಕನ್ನಡಿ ಇರುವುದು ಯಾವುದು, ಬರೀ ಗಾಜಿನದು ಯಾವುದು, ಯಾವುದರಲ್ಲಿ ಶನಿಯ ಬಳೆ ಬೇರೆಯಾಗಿ ಕಾಣುತ್ತದೆ, ಎಲ್ಲ ಬಾಯಿಪಾಠ. ಹೊಸದರ ಬೆಲೆ ಕೇಳಿ ಎದೆ ಹಿಡಿದುಕೊಂಡಳು. ಕೊನೆಗೆ ಹಳೆಯ ಸಾಮಾನು ಹರಾಜು ಹಾಕುವ ಒಂದು ಆ್ಯಪಿನಲ್ಲಿ ಧಾರವಾಡದ ನಿವೃತ್ತ ಮೇಷ್ಟ್ರೊಬ್ಬರ ದುರ್ಬೀನು ಅವಳ ಕಣ್ಣಿಗೆ ಬಿತ್ತು.

ಹರಾಜು ಅಂದರೆ ಅತ್ತೆಗೆ ಹೊಸದಲ್ಲ. ಅವಳ ಓಣಿಯ ಹನುಮಪ್ಪನ ಗುಡಿಯಲ್ಲಿ ಶ್ರಾವಣದ ಕೊನೆಯ ಶನಿವಾರ ದೇವರ ತೆಂಗಿನಕಾಯಿಯನ್ನು ಸವಾಲಿಗೆ ಇಡುತ್ತಾರೆ. ಅತ್ತೆ ಕಟ್ಟೆಯ ಮೇಲೆ ಕೂತು ಗಂಡಸರಿಗೆ ಸರಿಸಮ ಸವಾಲು ಕೂಗುತ್ತಾಳೆ. ಆ ಓಣಿಯ ರಿವಾಜೊಂದಿದೆ. ಗೆದ್ದವನು ಏನೋ ತೊಂದರೆಯಾಗಿ ಹಿಂದೆ ಸರಿದರೆ ಹಿರಿಯರು ಎರಡನೇ ಸವಾಲು ಕೂಗಿದವರ ಮನೆ ಬಾಗಿಲಿಗೆ ಹೋಗುತ್ತಾರೆ. ಅವರು ತಾವು ಕೂಗಿದ ಬೆಲೆಗೆ ಕಾಯಿ ಹಿಡಿಯಲೇಬೇಕು. ಆಗ ಬೇಡ ಅಂದರೆ ದೇವರ ಮುಂದೆ ಆಡಿದ್ದು ಬಾಯಿಚಪಲದ ಮಾತು ಅಂತಾಯಿತು. ಹಾಗೆ ಅಂದವರನ್ನು ಓಣಿ ವರ್ಷಗಟ್ಟಲೆ ಆಡಿಕೊಳ್ಳುತ್ತದೆ. ಈ ಸಂಗತಿ ನನಗೂ ಗೊತ್ತಿತ್ತು. ಆದರೆ ಅದು ಫೋನಿನೊಳಗೂ ಬಂದು ಕೂರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ದುರ್ಬೀನಿಗೆ ಅತ್ತೆ ಕೊನೆಯವರೆಗೂ ಬೆಲೆ ಏರಿಸಿದಳು. ಮುಗಿಯುವ ಹೊತ್ತಿಗೆ ಯಾರೋ ಒಬ್ಬ ಮೇಲೆ ಹಾಕಿ ಗೆದ್ದ. ಅವತ್ತು ಅವಳು ಊಟ ಮಾಡಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಮರುದಿನ ಅವಳಿಗೆ ಫೋನ್ ಬಂತಂತೆ. ದುರ್ಬೀನು ಮಾರುವವನೇ ಮಾತಾಡುತ್ತಿದ್ದೇನೆ ಅಂದನಂತೆ. "ಗೆದ್ದೋರು ಬೇಡ ಅಂದ್ಬಿಟ್ರು ಅಮ್ಮಾ. ಸೆಕೆಂಡ್ ಬಿಡ್ಡರ್ ನೀವೇ. ನಿಮ್ಮ ರೇಟಿಗೇ ಕೊಡ್ತೀನಿ. ಆ್ಯಪಿನವರ ಕಮಿಷನ್ ಯಾಕೆ, ನೇರ ನನಗೇ ಹಾಕಿ." ಇದೇ ಮಾತನ್ನು ಬೇರೆ ಯಾರಿಗಾದರೂ ಹೇಳಿದ್ದರೆ, ಇದೇನಪ್ಪ ಹೊಸ ಆಟ ಅನ್ನುತ್ತಿದ್ದರು. ಅತ್ತೆಗೆ ಅದು ಗುಡಿಯ ಹಿರಿಯರು ಬಾಗಿಲಿಗೆ ಬಂದು ನಿಂತ ಹಾಗೆ ಕೇಳಿಸಿತು. ದುಡ್ಡು ಹಾಕಿದಳು. ಪ್ಯಾಕಿಂಗು, ಇನ್ಶೂರೆನ್ಸು ಅಂದ, ಮತ್ತೆ ಹಾಕಿದಳು. ನನಗೆ ಹೇಳಲಿಲ್ಲ. ಯಾಕೆಂದರೆ ನಾನು ಪ್ರಶ್ನೆ ಕೇಳುವವಳು.

ಬಳ್ಳಾರಿಯ ಪಾರ್ವತಿನಗರದಲ್ಲಿ ನನ್ನದೊಂದು ಅಂಗಡಿಯಿದೆ. ಜೆರಾಕ್ಸ್ ತೆಗೆಯುತ್ತೇನೆ, ಜನರ ಆನ್‌ಲೈನ್ ಅರ್ಜಿ ತುಂಬಿಕೊಡುತ್ತೇನೆ. ಓಟಿಪಿ ಯಾರಿಗೂ ಹೇಳಬೇಡಿ ಎಂದು ದಿನಕ್ಕೆ ಇಪ್ಪತ್ತು ಜನಕ್ಕೆ ಬೈಯುತ್ತೇನೆ. ಅಂಥ ಅಂಗಡಿಗೆ ಅತ್ತೆ ಒಂದು ಬೆಳಿಗ್ಗೆ ಕುರುಗೋಡಿನ ಬಸ್ಸಿಳಿದು ನಗುತ್ತಾ ಬಂದಳು.

"ಟ್ಯಾಕ್ಸ್ ಕಟ್ಟಬೇಕಂತಲೇ. ನನ್ನ ಫೋನಿಂದ ಹೋಗವಲ್ದು. ನೀ ಹಾಕು, ಕೊಡ್ತೀನಿ."

"ಯಾವ ಟ್ಯಾಕ್ಸು?"

ಫೋನು ನನ್ನ ಕೈಗಿಟ್ಟಳು. ಮೆಸೇಜುಗಳನ್ನು ಓದುತ್ತಾ ಹೋದಂತೆ ಮೋಸ ಪೂರಾ ತಿಳಿಯಿತು. ದೀಪದ ಬುಡದಲ್ಲೇ ಕತ್ತಲೆ. ನಾನು ಬಾಯಿಗೆ ಬಂದ ಹಾಗೆ ಬೈದೆ. ಗಿರಾಕಿಗಳ ಮುಂದೆ, ಅರವತ್ತು ದಾಟಿದವಳಿಗೆ, ಬುದ್ಧಿ ಎಲ್ಲಿಟ್ಟಿದ್ದೆ ಅಂದುಬಿಟ್ಟೆ. ಅತ್ತೆ ಕದಲಲಿಲ್ಲ.

"ಎರಡನೇ ಸವಾಲಿನವರು ಬ್ಯಾಡ ಅನ್ನಾಂಗಿಲ್ಲಲೇ," ಅಂದಳು.

ಅವಳು ಮಾಡಿದ ತಪ್ಪು ನನಗೆ ಅರ್ಥವಾದದ್ದೇ ಆಗ. ಸಿಟ್ಟು ಇಳಿಯಲಿಲ್ಲ, ಅದರ ಮುಖ ಮಾತ್ರ ಆ ಕಡೆಯವನತ್ತ ತಿರುಗಿತು.

ತಕ್ಷಣ ಸೈಬರ್ ಮೋಸದ ಸಹಾಯವಾಣಿ ೧೯೩೦ಕ್ಕೆ ಫೋನ್ ಹಚ್ಚಿದೆ. ಯಾವ ಖಾತೆಯಿಂದ ಯಾವ ಖಾತೆಗೆ, ವ್ಯವಹಾರದ ನಂಬರ್ ಯಾವುದು, ಎಲ್ಲ ಕೇಳಿ ಬರೆದುಕೊಂಡರು. ಮೆಸೇಜುಗಳನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಟ್ಟೆ. ಅವಳ ಬ್ಯಾಂಕಿಗೂ ತಿಳಿಸಿದೆ. ಇಷ್ಟಾಗುವಾಗ ಅತ್ತೆ ಸ್ಟೂಲಿನ ಮೇಲೆ ಕೂತು ಏನೋ ಯೋಚಿಸುತ್ತಿದ್ದಳು. ಅವನಿಗೆ ಒಂದು ಮಾತು ಕೇಳಬೇಕು ಅಂದಳು. ಬೇಡ ಅನ್ನುವಷ್ಟರಲ್ಲಿ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ್ದಳು.

"ನಿಮ್ಮ ದುರ್ಬೀನದಾಗ ನೋಡಿದ್ರ ಸಾಮಾನು ನೆಟ್ಟಗ ಕಾಣ್ತಾವೋ, ತಲಿಕೆಳಗ ಕಾಣ್ತಾವೋ?"

"ತಲೆಕೆಳಗೆ ಯಾಕಮ್ಮಾ, ಫಸ್ಟ್ ಕ್ಲಾಸ್ ನೆಟ್ಟಗೆ ಕಾಣುತ್ತೆ. ಟ್ಯಾಕ್ಸ್ ಹಾಕಿದ್ರಾ?"

ಅತ್ತೆ ಫೋನ್ ಇಟ್ಟಳು. "ಇದರಾಗ ತಲಿಕೆಳಗ ಕಾಣಬೇಕಲೇ. ಇಂವ ಅದನ್ನ ಮುಟ್ಟೇ ಇಲ್ಲ," ಅಂದಳು. ಮೊದಲ ದಿನವೇ ಈ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡೆ.

ಸೈಬರ್ ಠಾಣೆಗೂ ಹೋಗಿ ದೂರು ಕೊಟ್ಟೆವು. ಅಲ್ಲಿದ್ದ ಹೆಣ್ಣು ಕಾನ್‌ಸ್ಟೇಬಲ್ ಅಂಜನಾ ಅನ್ನುವವಳು ತಾಳ್ಮೆಯಿಂದ ಬರೆದುಕೊಂಡಳು. ಎರಡನೇ ಸಲ ಹಾಕಿದ ದುಡ್ಡು ಅವನ ಖಾತೆಯಲ್ಲೇ ತಡೆ ಬಿದ್ದಿದೆ, ಕೋರ್ಟಿನ ಆದೇಶವಾದ ಮೇಲೆ ವಾಪಸ್ಸು ಬರುತ್ತದೆ, ಮೊದಲನೆಯದು ಆಗಲೇ ಕೈ ದಾಟಿದೆ, ಆಸೆ ಇಟ್ಟುಕೊಳ್ಳಬೇಡಿ ಅಂದಳು. ಅತ್ತೆಯ ಫೋನ್ ನಂಬರ್ ಅವನಿಗೆ ಹೇಗೆ ಸಿಕ್ಕಿತು ಎಂದು ಕೇಳಿದಳು. ಅದನ್ನು ನಾನು ಆಗಲೇ ಹುಡುಕಿದ್ದೆ. ದುರ್ಬೀನಿನ ಫೋಟೋದ ಕೆಳಗೆ ಎಲ್ಲರಿಗೂ ಕಾಣುವ ಹಾಗೆ ನಮ್ಮತ್ತೆ ಬರೆದಿದ್ದಳು: ಇದರಾಗ ಶನಿ ಕಾಣ್ತಾನೇನ್ರಿ, ನನಗ ಫೋನ್ ಮಾಡ್ರಿ. ಕೆಳಗೆ ನಂಬರು. ಊರ ಬಾಣಂತಿಯರಿಗೆಲ್ಲ ತನ್ನ ನಂಬರ್ ಕೊಟ್ಟು ಅಭ್ಯಾಸವಾದ ನರ್ಸಮ್ಮ. ಸವಾಲಿನ ಪಟ್ಟಿಯಲ್ಲಿ ಎರಡನೆಯವಳು ಅವಳೇ ಎಂದು ನೋಡುವುದಕ್ಕೆ ಆ ಕಳ್ಳನಿಗೆ ಮಾಟ ಮಂತ್ರ ಬೇಕಾಗಿರಲಿಲ್ಲ.

ಆ್ಯಪಿನವರಿಗೂ ಬರೆದೆ. ಉತ್ತರ ಬಂತು. ನಮ್ಮ ಮಾರಾಟಗಾರರ ಸಂದೇಶ ಆ್ಯಪಿನ ಒಳಗೇ ಬರುತ್ತದೆ, ಹೊರಗೆ ದುಡ್ಡು ಕೇಳುವವರು ನಮ್ಮವರಲ್ಲ, ಆ ವಸ್ತು ಗೆದ್ದವರಿಗೆ ತಲುಪಿದೆ. ತಲುಪಿದೆ ಅನ್ನುವುದನ್ನು ಓದಿ ನನಗೆ ಕುತೂಹಲ ಹುಟ್ಟಿತು. ಎಲ್ಲಿಗೆ? ಆ ಪುಟ ತೆಗೆದು ನೋಡಿದರೆ ಕೊಂಡವನು ಒಂದೇ ನಕ್ಷತ್ರ ಕೊಟ್ಟು ಬರೆದಿದ್ದ: "ಪಕ್ಕಾ ಮೋಸ. ಎಲ್ಲಾ ತಲಿಕೆಳಗ ಕಾಣ್ತೈತಿ. ವಾಪಸ್ ತಗೋರಿ ಅಂತ ದೂರು ಹಾಕೀನಿ. ರಾಮಾಂಜಿನಿ, ಸಿರುಗುಪ್ಪ."

ನಾನು ಅದನ್ನು ಓದಿ ಹೇಳಿದಾಗ ಅತ್ತೆ ಎಷ್ಟೋ ದಿನದ ಮೇಲೆ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೋಸ ಹೋದವಳು ನಂಬಿ ಕೂತಿದ್ದಳು, ಮೋಸ ಹೋಗದವನು ಮೋಸ ಎಂದು ಬಾಯಿ ಬಡಿದುಕೊಳ್ಳುತ್ತಿದ್ದ. ದುರ್ಬೀನು ಇರುವುದು ಇಲ್ಲೇ ಸಿರುಗುಪ್ಪದಲ್ಲಿ. ಆ್ಯಪಿನ ಒಳಗಿನಿಂದಲೇ ಅವನಿಗೆ ಬರೆದೆ, ನೋಡಲು ಬರಬಹುದಾ ಎಂದು. ಬರ್ರಿ ಬರ್ರಿ, ನೀವೇ ನೋಡಿ ಸಾಕ್ಷಿ ಹೇಳ್ರಿ ಎಂದು ವಿಳಾಸ ಕಳಿಸಿದ.

ಸಿರುಗುಪ್ಪದ ದಾರಿಯಲ್ಲಿ ಭತ್ತದ ಕೊಯ್ಲು ನಡೆದಿತ್ತು. ರಸ್ತೆಯ ಒಂದು ಬದಿಗೆ ಭತ್ತ ಹರವಿದ್ದರು, ಬಸ್ಸು ಇನ್ನೊಂದು ಬದಿಯಲ್ಲಿ ತೆವಳುತ್ತಿತ್ತು. ಅತ್ತೆ ಕಿಟಕಿಯ ಪಕ್ಕ ಕೂತು ಕತ್ತು ಪೂರಾ ತಿರುಗಿಸಿ ಗದ್ದೆ ನೋಡುತ್ತಿದ್ದಳು. ಹಾಗೆ ತಿರುಗಿಸದಿದ್ದರೆ ಅವಳಿಗೆ ಗದ್ದೆಯಿಲ್ಲ, ಮುಂದಿನ ಸೀಟಿನ ಬೆನ್ನು ಮಾತ್ರ.

ರಾಮಾಂಜಿನಿಯದು ಊರ ಅಂಚಿನ ಮನೆ. ಭತ್ತ ಕೊಯ್ಯುವ ಮಷೀನುಗಳನ್ನು ಬಾಡಿಗೆಗೆ ಬಿಡುವವನು. ಅವನ ಹೆಂಡತಿ ಯಂಕಮ್ಮ ನೀರು ಕೊಟ್ಟು ಕೂರಿಸಿದಳು. ದುರ್ಬೀನು ಯಾಕೆ ಕೊಂಡಿರಿ ಎಂದು ಕೇಳಿದರೆ ಅವನು ಸಂಕೋಚಪಟ್ಟ. ಉತ್ತರ ಕೊಟ್ಟವಳು ಯಂಕಮ್ಮ.

"ಮಾಳಿಗಿ ಮ್ಯಾಲೆ ನಿಂತು ಡ್ರೈವರ್‌ಗಳನ್ನ ನೋಡಾಕ್ರಿ. ಮಷೀನ್ ಓಡಸ್ತಾರೋ, ಗಿಡದ ಬುಡಕ್ಕ ಮಲಗ್ತಾರೋ ಅಂತ."

"ನೋಡಿದ್ರ ಎಲ್ಲಾರೂ ಕಾಲು ಮ್ಯಾಲೆ, ತಲಿ ಕೆಳಗ," ಅಂದ ರಾಮಾಂಜಿನಿ. "ಮಷೀನೂ ಮುಗಿಲಿಗೆ ಜೋತು ಬಿದ್ದಂಗ ಕಾಣ್ತೈತಿ. ಒಡದಿದ್ದನ್ನ ಕಳಿಸ್ಯಾನ ಆ ಮಾಸ್ತರ. ಇಷ್ಟರ ಮ್ಯಾಲೆ ಆ್ಯಪಿನವರು ವಿಚಾರ್ಸತೀವಿ ಅಂತಾರ. ನನಗ ಬ್ಯಾಸರಾಗೈತಿ. ನಿಮಗ ಬೇಕಂದ್ರ ಅರ್ಧಕ್ಕ ಒಯ್ದುಬಿಡ್ರಿ."

ಅತ್ತೆಗೆ ಬೇಕಾದದ್ದು ಅವಳ ಮುಂದೆಯೇ, ಅದೂ ಅರ್ಧ ಬೆಲೆಗೆ, ಇವತ್ತೇ ಕುರುಗೋಡಿಗೆ. ಕಳ್ಳ ತಿಂದದ್ದು ಹೀಗಾದರೂ ಸರಿದೂಗುತ್ತದಲ್ಲ ಎಂದು ನನ್ನ ಮನಸ್ಸು ಒಂದೇ ಉಸಿರಿನಲ್ಲಿ ಹೇಳಿತು. ಅತ್ತೆಯ ಸೀರೆಯ ಸೆರಗು ಹಿಡಿದೆಳೆದೆ. ಹೂಂ ಅನ್ನು ಎಂದು ಕಣ್ಣಲ್ಲೇ ಬೇಡಿಕೊಂಡೆ. ಪಕ್ಕದಲ್ಲಿದ್ದೆನಲ್ಲ, ಅವಳಿಗೆ ಕಾಣಲಿಲ್ಲ. ಅಥವಾ ಕಾಣಲಿಲ್ಲ ಅನ್ನುವ ಹಾಗೆ ಕೂತಳು.

"ಇದು ಒಡದಿಲ್ಲಪ್ಪ," ಅಂದಳು. "ಇದು ಆಕಾಶ ನೋಡೂ ದುರ್ಬೀನು. ಅಲ್ಲಿ ಮ್ಯಾಲೆ ಯಾವುದು, ಕೆಳಗ ಯಾವುದು? ಹಂಗಾಗಿ ನೆಟ್ಟಗ ಮಾಡೋ ಗಾಜು ಇದಕ್ಕ ಹಾಕಿರಂಗಿಲ್ಲ. ಬೇಕಂದ್ರ ಅದೊಂದು ಬ್ಯಾರೆ ಸಿಗ್ತೈತಿ, ತರಿಸಿ ಹಾಕ್ಕೋ, ನಿನ್ನ ಡ್ರೈವರ್‌ಗಳು ಕಾಲ ಮ್ಯಾಲೆ ನಿಲ್ತಾರ. ಮಾಸ್ತರ ಒಳ್ಳೇ ಸಾಮಾನೇ ಕೊಟ್ಟಾನ."

ರಾಮಾಂಜಿನಿ ಫೋನ್ ತೆಗೆದು ದೂರನ್ನು ಹಿಂದಕ್ಕೆ ತೆಗೆಯುವುದು ಹೇಗೆಂದು ನನ್ನನ್ನೇ ಕೇಳಿದ. ಅದನ್ನೂ ನಾನೇ ಮಾಡಿಕೊಡಬೇಕಾಯಿತು. ಪಾಪ, ವಯಸ್ಸಾದ ಮಾಸ್ತರನ್ನು ಸುಮ್ಮನೆ ಬೈದುಬಿಟ್ಟೆ ಅಂದ. ಒಂದೇ ನಕ್ಷತ್ರ ಇದ್ದಲ್ಲಿ ಐದೂ ಒತ್ತಿದ. ಕೊನೆಗೆ ನಾನು ಹೆದರಿದ ಮಾತೂ ಬಂತು.

"ಹಂಗಾರ ನಾನೇ ಇಟಗೊಂತೀನ್ರೆವ್ವಾ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಳ್ಳನ ಮುಂದೆ ಮಾತಿಗೆ ನಿಂತಳು, ದುಡ್ಡು ಹೋಯಿತು. ಒಳ್ಳೆಯವನ ಮುಂದೆ ಸತ್ಯಕ್ಕೆ ನಿಂತಳು, ದುರ್ಬೀನು ಹೋಯಿತು. ಇಂಥವರನ್ನು ಕಟ್ಟಿಕೊಂಡು ಏಗುವುದು ಹೇಗೆ? ಎದ್ದು ಹೊರಡೋಣ ಅಂದೆ. ಅತ್ತೆ ಏಳಲಿಲ್ಲ.

"ಹೊತ್ತು ಮುಣಗೂತನ ಕುಂದ್ರತೀವಿ," ಎಂದು ರಾಮಾಂಜಿನಿಗೆ ಹೇಳಿದಳು. "ಒಮ್ಮೆ ನೋಡಾಕ ಕೊಡಪ್ಪ."

ಯಂಕಮ್ಮ ರೊಟ್ಟಿಗೆ ಕೂರಿಸಿದಳು. ಊಟ ಮುಗಿದು ದೀಪ ಹಚ್ಚುವ ಹೊತ್ತಿಗೆ ಮಾಳಿಗೆಗೆ ಹತ್ತಿದೆವು. ಅತ್ತೆಯ ಕೈಯನ್ನು ನಾನು ಹಿಡಿದಿದ್ದೆ, ಮೆಟ್ಟಿಲ ಅಂಚು ಅವಳಿಗೆ ಗೊತ್ತಾಗುವುದಿಲ್ಲ. ಗದ್ದೆಗಳ ಆಚೆ ಮಷೀನಿನ ಲೈಟುಗಳು ಹೊತ್ತಿಕೊಳ್ಳುತ್ತಿದ್ದವು. ದಕ್ಷಿಣಕ್ಕೆ, ನೆತ್ತಿಗಿಂತ ಸ್ವಲ್ಪ ಕೆಳಗೆ, ಮಿನುಗದೆ ಸುಮ್ಮನೆ ಉರಿಯುವ ಒಂದು ಹಳದಿ ಚುಕ್ಕೆಯನ್ನು ಅತ್ತೆ ಬೆರಳು ಮಾಡಿ ತೋರಿಸಿದಳು. ನಾನು ಹುಟ್ಟಿದಾಗಿನಿಂದ ಅದನ್ನು ಎಷ್ಟು ಸಲ ಸುಮ್ಮನೆ ನಕ್ಷತ್ರ ಎಂದು ನೋಡಿ ಬಿಟ್ಟಿದ್ದೇನೋ. ರಾಮಾಂಜಿನಿ ಕೊಳವೆಯನ್ನು ಆ ಕಡೆ ತಿರುಗಿಸಿದ. ಸಿಗಲಿಲ್ಲ, ಮತ್ತೆ ತಿರುಗಿಸಿದ, ಸಿಕ್ಕಿತು ಅಂದ, ಜಾರಿಹೋಯಿತು ಅಂದ. ಕೊನೆಗೆ ಅತ್ತೆಯೇ ಸ್ಟೂಲಿನ ಮೇಲೆ ಕೂತು ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಹಚ್ಚಿದಳು. ಪಕ್ಕದ ನೋಟ ಬೇಡದ ಜಾಗ ಇದೊಂದೇ ಇರಬೇಕು. ಇಲ್ಲಿ ಅವಳ ಕಣ್ಣಿಗೂ ನಮ್ಮ ಕಣ್ಣಿಗೂ ಭೇದವಿರಲಿಲ್ಲ.

ಗುಂಡಿಯನ್ನು ಒಂದಿಷ್ಟು ತಿರುಗಿಸಿ ಹಾಗೆಯೇ ಕೂತಳು. ಮಗುವಿನ ಎದೆಬಡಿತ ಕೇಳುವಾಗ ಹೀಗೆಯೇ ಉಸಿರು ಹಿಡಿದು ಕೂರುತ್ತಿದ್ದಳು ಎಂದು ನೆನಪಾಯಿತು.

"ಕಂಡನೇನು ಅತ್ತಿ?"

"ಕಂಡ. ನೀ ನೋಡು."

ನಾನು ನೋಡಿದೆ. ಕಪ್ಪು ಬಾವಿಯ ತಳದಲ್ಲಿ ಒಂದು ಸಣ್ಣ ಹಳದಿ ಮಣಿ. ಅದರ ನಡುವೆ ಆರಪಾರು ಚುಚ್ಚಿದ ಸೂಜಿಯ ಹಾಗೆ ಒಂದು ಗೆರೆ. ಪುಸ್ತಕದಲ್ಲಿ ಕಾಣುವ ಅಗಲ ಬಳೆ ಎಲ್ಲೂ ಇರಲಿಲ್ಲ. ರಾಮಾಂಜಿನಿಯೂ ನೋಡಿ ಅನುಮಾನದಿಂದ, ಫೋಟೋದಾಗ ಇದ್ದಂಗ ಇಲ್ಲಲ್ರೆವ್ವಾ ಅಂದ. ಈ ವರ್ಷ ಬಳೆಯ ಅಂಚು ನಮ್ಮ ಕಡೆಗಿದೆ, ವರ್ಷ ವರ್ಷಕ್ಕೂ ಅದು ತೆರೆಯುತ್ತಾ ಹೋಗುತ್ತದೆ ಎಂದು ಅತ್ತೆ ತಿಳಿಸಿದಳು. ಹಂಗಾರ ವರ್ಷಾ ಬರ್ರಿ, ಮಾಳಿಗಿ ಎಲ್ಲಿಗೂ ಹೋಗಂಗಿಲ್ಲ ಅಂದಳು ಯಂಕಮ್ಮ. ಆ ಮಾತಿಗೆ ಅತ್ತೆ ಅವಳ ಕೈ ಹಿಡಿದುಕೊಂಡಳು.

ಆಗ ನನ್ನ ಫೋನ್ ಬಡಿಯಿತು, ಅಪ್ಪ. ಇನ್ನೂ ಯಾಕೆ ಬಂದಿಲ್ಲ, ಎಲ್ಲಿದ್ದೀರಿ ಎಂದು ಕೇಳಿದ. ಸಿರುಗುಪ್ಪದಲ್ಲಿದ್ದೇವೆ, ಶನಿಯನ್ನು ನೋಡುತ್ತಿದ್ದೇವೆ ಅಂದೆ. ಅತ್ತೆ ಮತ್ತೆ ಕೊಳವೆ ಹಿಡಿದು ಶನಿಯನ್ನೇ ನೋಡುತ್ತಾ ಕೂತಿದ್ದಳು. ಅವಳ ಬಾಯಿಂದ ಮೆಲ್ಲಗೆ ಒಂದು ಮಾತು ಬಂತು, ನಮಗಲ್ಲ, ತನಗೇ.

"ಇಂವಗ ನನ್ನ ಹೆಸರ ಸೈತ ಗೊತ್ತಿಲ್ಲ."

ಅತ್ತೆಯ ಸಂಬಳದಲ್ಲಿ ನಮ್ಮ ಮನೆ ನಡೆದದ್ದು, ಅಪ್ಪನ ಅಂಗಡಿ ಎದ್ದದ್ದು, ನನ್ನ ಕಾಲೇಜಿನ ಫೀಸು ಕಟ್ಟಿದ್ದು, ಇವೆಲ್ಲ ನನಗೆ ಗೊತ್ತಿದ್ದ ಸಂಗತಿಗಳೇ. ನೋಡಲು ಬಂದ ಗಂಡಿನ ಕಡೆಯವರ ಕೈಗೆ ಜಾತಕ ಕೊಟ್ಟು, ತಂಗಿಗೆ ಶನಿಯಿದೆ, ನೀವೇ ಯೋಚಿಸಿ ಎಂದು ಕಳಿಸುತ್ತಿದ್ದವನು ಅಪ್ಪನೇ ಎಂದು ಅವ್ವನ ಬಾಯಲ್ಲೂ ಕೇಳಿದ್ದೆ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ, ಅಷ್ಟೇ. ಅತ್ತೆ ಯಾವಾಗ ಇಟ್ಟು ನೋಡಿದ್ದಳೋ ಏನೋ.

ಅವಳು ಕೈ ಚಾಚಿದಳು. ನಾನು ಫೋನು ಕೊಟ್ಟೆ.

"ಅಣ್ಣಾ, ನೋಡಿದೆ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಆಸ್ಪತ್ರೆಯಲ್ಲಿ ಮನೆಯವರಿಗೆ ಸಂಗತಿ ತಿಳಿಸುವ ದನಿ. "ಭಾಳ ದೂರ ಅದಾನ. ನಮ್ಮ ಮನಿ ತನಕ ಬಂದು ಹೋಗಾಂವಲ್ಲ."

ಅಪ್ಪನ ಉತ್ತರಕ್ಕೆ ಕಾಯದೆ ಅತ್ತೆ ಫೋನನ್ನು ನನ್ನ ಕೈಗಿಟ್ಟಳು. ಮತ್ತೆ ಕೊಳವೆಗೆ ಕಣ್ಣು ಹಚ್ಚಿದಳು.